ನಾಲ್ಕನೆಯ ಕನ್ನಡಿಯ ಮಂತ್ರವಾದಿ

ಬಹಳ ಬಹಳ ಹಿಂದೆ, ಹವಳದುರ್ಗವೆಂಬ ರಾಜ್ಯದಲ್ಲಿ ಸುಗ್ಗವ್ವ, ದೇಪಣ್ಣ ಎಂಬ ಅಕ್ಕ ತಮ್ಮ ಇದ್ದರು. ತಮ್ಮ ಕತೆ ಹೇಳುತ್ತಿದ್ದ, ಅಕ್ಕ ಅದನ್ನು ಕನ್ನಡಿಯ ಮೇಲೆ ಚಿತ್ರವಾಗಿ ಬರೆಯುತ್ತಿದ್ದಳು. ಬರೆದದ್ದೆಲ್ಲ ಕನ್ನಡಿಯೊಳಗೆ ನಿಜವಾಗುತ್ತಿತ್ತು. ಅಂಚಿಗೆ ಬೆರಳಿಟ್ಟವರು ಒಳಗಿನ ವೀರನನ್ನು ತಮ್ಮಿಷ್ಟದಂತೆ ನಡೆಸಿ ಆಡಬಹುದಿತ್ತು.

ಮೊದಲನೆಯ ಕನ್ನಡಿಯಲ್ಲಿ ಇದ್ದದ್ದು ಒಂದೇ ದಾರಿ, ಒಂದೇ ಕತ್ತಿ, ಕರಾಳಕನೆಂಬ ಒಬ್ಬ ಮಂತ್ರವಾದಿ. ಅವನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿತ್ತು. ಜನ ಊಟ ಬಿಟ್ಟು ಆಡಿದರು. ಗಿಳಿ ಸತ್ತಿತು, ಕರಾಳಕ ಸತ್ತ. ಮರುದಿನವೇ ಬಾಗಿಲು ತಟ್ಟಿದರು.

"ಇಷ್ಟೇನಾ? ಇನ್ನೊಂದು ಮಾಡಿ! ಅವನೇ ಬೇಕು!"

ಸತ್ತವನನ್ನು ಎಬ್ಬಿಸುವುದು ಹೇಗೆ? ದೇಪಣ್ಣ ತಲೆ ಕೆರೆದುಕೊಂಡು, ಗಿಳಿ ಸಾಯುವ ಮುಂಚೆ ಮೊಟ್ಟೆ ಇಟ್ಟಿತ್ತು ಎಂದ. ಎರಡನೆಯ ಕನ್ನಡಿಯಲ್ಲಿ ಆಡುವವರು ತಾವೇ ಸೈನಿಕನೋ ವೈದ್ಯನೋ ಕಳ್ಳನೋ ಆಗಬಹುದಿತ್ತು. ಅರ್ಧ ಊರು ಕಳ್ಳನೇ ಆಯಿತು, ಹೇಳಲು ನನಗೇ ನಾಚಿಕೆ. ಮೊಟ್ಟೆ ಒಡೆಯಿತು, ಕರಾಳಕ ಸತ್ತ. "ಇನ್ನೊಂದು!" ಎಂದರು ಜನ. ಜೀವ ಚಿಪ್ಪಿನಲ್ಲಿ ಉಳಿದಿತ್ತು ಎಂದ ದೇಪಣ್ಣ. ಮೂರನೆಯದರಲ್ಲಿ ನಾಲ್ವರು ಸೇರಿ ದಂಡು ಕಟ್ಟಬಹುದಿತ್ತು. ಚಿಪ್ಪು ಪುಡಿಯಾಯಿತು, ಕರಾಳಕ ಸತ್ತ. ಈ ಸಲ ರಾಜ ವೀರಕಂಠನೇ ಹೇಳಿ ಕಳಿಸಿದ, ನಾಲ್ಕನೆಯದು ಬೇಕೆಂದು.

"ಅಕ್ಕಾ, ಜೀವ ಬಚ್ಚಿಡೋಕೆ ಜಾಗಾನೇ ಉಳಿದಿಲ್ಲ. ಆಡೋರ ಎದೇಲೇ ಇಟ್ಟುಬಿಡೋಣ. ಹುಡುಕಿ ಹುಡುಕಿ ಸಾಕಾಗಲಿ!" ಎಂದ ದೇಪಣ್ಣ.

ಸುಗ್ಗವ್ವನೂ ನಕ್ಕು ಬರೆದಳು. ವಿನಾಶಕಾಲೇ ವಿಪರೀತ ಬುದ್ಧಿ! ಆಟ ಸರಿಯಿದೆಯೇ ಎಂದು ಮೊದಲು ಆಡಿ ನೋಡುವವನು ಯಾವಾಗಲೂ ದೇಪಣ್ಣನೇ. ರಾಜಸಭೆಯಲ್ಲಿ ಎಲ್ಲರೆದುರು ಅಂಚಿಗೆ ಬೆರಳಿಟ್ಟ.

ಕನ್ನಡಿಯಿಂದ ಒಂದು ಕೈ ಹೊರಬಂತು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಜೀವ ಹೊರಗಿದ್ದ ಮೇಲೆ ದೇಹ ಒಳಗೇಕೆ ಇದ್ದೀತು? ಕರಾಳಕ ಸಭೆಯ ನಡುವೆ ಬಂದು ನಿಂತ. ಬೆರಳು ತೋರಿದ, ಮಂತ್ರಿ ಕಲ್ಲಾದ. ಮತ್ತೆ ತೋರಿದ, ಸೇನಾಪತಿ ಕಲ್ಲಾದ. ಒಬ್ಬ ಭಟ ಈಟಿ ಎಸೆದ. ಅದು ಕರಾಳಕನ ಭುಜಕ್ಕೆ ತಾಗಿತು, ಅವನಿಗೆ ಗೀರೂ ಆಗಲಿಲ್ಲ. "ಅಮ್ಮಾ!" ಎಂದು ಕಿರುಚಿ ಬಿದ್ದವನು ದೇಪಣ್ಣ. ಅವನ ಭುಜದಿಂದ ರಕ್ತ ಸುರಿಯುತ್ತಿತ್ತು. ಸಭೆಯೆಲ್ಲ ಹೌಹಾರಿತು.

ರಾಜನಿಗೆ ಅರ್ಥವಾಯಿತು. ಕತ್ತಿ ಹಿರಿದ.

"ತಪ್ಪು ತಿಳೀಬೇಡ ಸುಗ್ಗವ್ವ. ಅವನು ಸಾಯಬೇಕಾದ್ರೆ ನಿನ್ನ ತಮ್ಮ ಸಾಯಲೇಬೇಕು."

ಸುಗ್ಗವ್ವ ತಮ್ಮನಿಗೆ ಅಡ್ಡ ನಿಂತಳು. "ಒಂದು ಗಳಿಗೆ ತಡೀರಿ, ಮಹಾಪ್ರಭು!" ಎಂದು ಕುಂಚ ಹಿಡಿದು ಕನ್ನಡಿಗೆ ಓಡಿದಳು. "ದೇಪಾ, ಬೇಗ ಹೇಳೋ! ಎಲ್ಲರ ಹಾಗೆ ಇವನ ಜೀವಾನೂ ಇವನ ಎದೇಲೇ ಇದೆ ಅಂತ ಹೇಳು!"

ದೇಪಣ್ಣ ನರಳುತ್ತಲೇ ಕೇಳಿದ, "ಅಕ್ಕಾ, ಅದು ತೀರಾ ಸಪ್ಪೆ ಕತೆ ಆಗಲ್ವಾ?"

"ಸಪ್ಪೆಯಾದ್ರೆ ಆಗಲಿ, ನೀನು ಉಳ್ಕೊಳೋ!"

ಅವನು ಹೇಳಿದ. ಅವಳು ಕರಾಳಕನನ್ನು ಬರೆದು, ಅವನೆದೆಗೆ ಒಂದು ಕೆಂಪು ಬೊಟ್ಟಿಟ್ಟಳು.

ರಾಜನತ್ತ ಬೆರಳೆತ್ತಿದ್ದ ಕರಾಳಕ ಅಲ್ಲೇ ನಿಂತ. ಕೈ ಎದೆಗೆ ಹೋಯಿತು. ಮುಖ ಬಿಳಿಚಿಕೊಂಡಿತು.

"ಇದೇನಿದು? ಒಳಗೆ ಯಾರೋ ಬಡೀತಾ ಇದಾರೆ!"

"ಯಾರೂ ಅಲ್ಲ, ಅದು ನಿನ್ನ ಜೀವ," ಎಂದಳು ಸುಗ್ಗವ್ವ. "ಇರೋದು ಅದೊಂದೇ."

ಮೂರು ಸಲ ಸತ್ತರೂ ಹೆದರದವನು ಸುತ್ತಲಿನ ಈಟಿಗಳನ್ನು ನೋಡಿ ಗಡಗಡ ನಡುಗಿದ. ತಾನೇ ಮಂತ್ರಿಯನ್ನೂ ಸೇನಾಪತಿಯನ್ನೂ ಮನುಷ್ಯರನ್ನಾಗಿ ಮಾಡಿ, ಸುಗ್ಗವ್ವನ ಬೆನ್ನ ಹಿಂದೆ ಅಡಗಿದ. "ಹೊಡೀಬೇಡಿ ಅಂತ ಹೇಳು ತಾಯಿ," ಎಂದು ಅತ್ತ. ರಾಜ ಬಾಯಿ ತೆರೆದುಕೊಂಡೇ ಕತ್ತಿಯನ್ನು ಒರೆಗೆ ಸೇರಿಸಿದ.

ದೇಪಣ್ಣನ ಗಾಯ ಮಾಯಿತು. ಹವಳದುರ್ಗದವರೆಲ್ಲ ಉಂಡುಟ್ಟು ಸುಖವಾಗಿ ಬಾಳಿದರು. ಮಂತ್ರ ಬಿಟ್ಟ ಕರಾಳಕನೂ ಬಾಳಿದ, ಎಲ್ಲರಿಗಿಂತ ಜೋಪಾನವಾಗಿ. ಆ ದಿನ ಅರಮನೆಯ ಮೆಟ್ಟಿಲನ್ನು ಅವನು ಗೋಡೆ ಹಿಡಿದು, ಒಂದೊಂದೇ ಹೆಜ್ಜೆಯಿಟ್ಟು ಇಳಿದ.