ಅಣ್ಣನ ಸೌಟಿನ ಸದ್ದು

"ಒಲೆ ಆರಿಸಿ!"

ಅವಳ ದನಿಗೆ ಫುಡ್ ಕೋರ್ಟಿನ ಅಡುಗೆಮನೆಗಳೆಲ್ಲ ಒಂದು ಗಳಿಗೆ ಸ್ತಬ್ಧವಾದವು. ಮೂಲೆಯ ಅಂಗಡಿಯಲ್ಲಿ ಸೂಪು ಕುದಿಸುತ್ತಿದ್ದ ಎತ್ತರದ ಯುವಕ ಬೆಚ್ಚಿ ತಿರುಗಿದ.

ಅವಳು ಪಾತ್ರೆಯ ಮೇಲೆ ಬಗ್ಗಿ, ಹಬೆಯನ್ನು ಮೂಗಿನ ತುಂಬ ಎಳೆದುಕೊಂಡಳು.

'ಇದು... ಇದು ಹೇಗೆ ಸಾಧ್ಯ?'

ಅವಳು ಇಲ್ಲಿನ ಹಲಾಲ್ ತಪಾಸಣೆಯವಳು. ಮಾಂಸ ಎಲ್ಲಿಂದ ಬಂತು, ಎಣ್ಣೆಯಲ್ಲಿ ಏನಿದೆ, ಯಾವ ಚಾಕು ಯಾವುದಕ್ಕೆ ತಾಗಿತು, ಎಲ್ಲ ನೋಡುವುದು ಅವಳ ಕೆಲಸ. ಒಂದೇ ಸೂರಿನ ಕೆಳಗೆ ಎಷ್ಟೊಂದು ದೇಶಗಳ ಒಲೆಗಳು! ಬಾಗಿಲ ಬಳಿ ರೊಟ್ಟಿಯಮ್ಮನ ಮಣ್ಣಿನ ಒಲೆ. ಪಕ್ಕದಲ್ಲಿ ಕೆಂಡದ ಮೇಲೆ ಕುರಿಮಾಂಸ ಸುಡುವ ಮೀಸೆ ಮಾವ. ಆಚೆಗೆ ತೆಂಗಿನಹಾಲಿನಲ್ಲಿ ಮೀನು ಬೇಯಿಸುವ ದ್ವೀಪದ ದಂಪತಿ, ಕಡಲೆ ಅರೆದು ಉಂಡೆ ಕರಿಯುವ ಅಕ್ಕತಂಗಿಯರು... ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಬಾಗಿಲ ಮೇಲಿನ 'ಹಲಾಲ್' ಎಂಬ ಪದ ಮಾತ್ರ ಎಲ್ಲರಿಗೂ ಪೂರ್ತಿ ತಿಳಿಯುತ್ತಿತ್ತು.

ಮೂಲೆಯ ಈ ಅಂಗಡಿ ಮೂರು ವರ್ಷ ಮುಚ್ಚಿತ್ತು; ಈ ಯುವಕ ಇವತ್ತಷ್ಟೇ ತೆರೆದಿದ್ದ. ಅದು ಅವಳ ಅಣ್ಣನದಾಗಿತ್ತು.

ಅಣ್ಣನಿಗೆ ದೂರದ ದೇಶವೊಂದರ ನೂಡಲ್ಸ್ ಸೂಪಿನ ಹುಚ್ಚು. ಆ ಸೂಪಿಗೆ ಅಕ್ಕಿಯ ವೈನ್ ಬೀಳಬೇಕು. ಬೀಳದಿದ್ದರೆ ರುಚಿಯಿಲ್ಲ, ಬಿದ್ದರೆ ಹಲಾಲ್ ಅಲ್ಲ, ಮದ್ಯ ನಿಷಿದ್ಧ! ಅಣ್ಣ ಅದರ ಬದಲಿಗೆ ಹಣ್ಣಿನ ರಸದಿಂದ ಏನೋ ಒಂದನ್ನು ಮಾಡಿಕೊಂಡಿದ್ದ. ಅದೇ ಸಿಹಿ, ಅದೇ ಘಮ, ಮದ್ಯ ಮಾತ್ರ ಇಲ್ಲ. ಅದರ ಗುಟ್ಟನ್ನು ತಂಗಿಗೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಮಾರುಕಟ್ಟೆಗೆ ಹೋದವನು ಲಾರಿಗೆ ಸಿಕ್ಕಿ, ಮತ್ತೆ ಮನೆಗೆ ಬರಲೇ ಇಲ್ಲ. ಗುಟ್ಟೂ ಅವನ ಜೊತೆಗೇ ಹೋಯಿತು ಅಂದುಕೊಂಡಿದ್ದಳು.

ಈಗ ಅದೇ ಘಮ!

ಈ ಹೊಸಬ ನಿಜವಾದ ವೈನ್ ಹಾಕಿರಬೇಕು. ಇಲ್ಲದಿದ್ದರೆ ಸತ್ತ ಅಣ್ಣ ಎದ್ದು ಬಂದು ಈ ಸೂಪು ಮಾಡಿರಬೇಕು. ಅದು ಆಗುವ ಮಾತಲ್ಲ...

"ಇದರಲ್ಲಿ ಏನು ಹಾಕಿದ್ದೀರಿ?"

ಅಷ್ಟರಲ್ಲಿ ಎಲ್ಲರೂ ನೆರೆದಿದ್ದರು. ಯುವಕ ಅವರನ್ನೆಲ್ಲ ನೋಡಿದ, ಆಮೇಲೆ ಅವಳನ್ನು ನೋಡಿದ. ಅವನ ಕಣ್ಣಲ್ಲಿ ಹೆದರಿಕೆಯಿರಲಿಲ್ಲ. ಹಳೆಯ ಪರಿಚಯದವರನ್ನು ನೋಡುವ ನೋಟವಿತ್ತು.

"ವೈನ್ ಅಲ್ಲ ಮೇಡಂ. ಏನು ಅಂತ ಈಗ ಹೇಳೋಕಾಗಲ್ಲ."

"ಹೇಳೋಕಾಗಲ್ವಾ? ಹಾಗಾದ್ರೆ ಅಂಗಡಿ ಮುಚ್ಚಿ. ಸ್ಯಾಂಪಲ್ ಲ್ಯಾಬಿಗೆ ಹೋಗುತ್ತೆ. ವೈನ್ ಅಂತ ಬಂದ್ರೆ ನೀವು ಮತ್ತೆ ಇಲ್ಲಿ ಕಾಲಿಡೋ ಹಾಗಿಲ್ಲ."

"ಬಾಯಲ್ಲಿ ಕಡುಬು ತುಂಬ್ಕೊಂಡಿದ್ದೀಯೇನೋ? ಹೇಳಿಬಿಡಬಾರದಾ?" ಎಂದು ಮೀಸೆ ಮಾವ ಗದರಿದ.

ಅವನು ಹೊಸದಾಗಿ ಬಣ್ಣ ಬಳಿದ ಗೋಡೆ, ಇನ್ನೂ ಸ್ಟಿಕ್ಕರ್ ಕೀಳದ ಬಟ್ಟಲುಗಳನ್ನು ಒಮ್ಮೆ ನೋಡಿ ಒಲೆ ಆರಿಸಿದ. ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಕೆಳಗಿಟ್ಟ.

ಟಕ್... ಟಕ್...

ಹೊರಟಿದ್ದವಳು ಬೆಚ್ಚಿ ತಿರುಗಿದಳು. ಅಣ್ಣನೂ ಹೀಗೇ ಎರಡು ಸಲ ಬಡಿಯುತ್ತಿದ್ದ!

*

ಅವಳ ಮನೆಯ ಕಪಾಟಿನಲ್ಲಿ ಒಂದು ಸೀಸೆ ಇತ್ತು. ಅಣ್ಣ ಕಡೆಯ ಸಲ ಮಾಡಿದ ರಸ. ಸಾಯುವ ಹಿಂದಿನ ಸಂಜೆ ಅದನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದ.

"ಒಂದು ಹನಿ ನೋಡೇ, ಮೂಗಿನ ಮಹಾರಾಣಿ. ನೀನು ಪಾಸ್ ಅಂದ್ರೆ ಪಾಸ್."

"ತಲೆ ನೋಯ್ತಿದೆ ಕಣೋ. ನಾಳೆ ನೋಡ್ತೀನಿ ಬಿಡು."

ಆ ನಾಳೆ ಬರಲಿಲ್ಲ. ಅಂದಿನಿಂದ ಅವಳು ಸೀಸೆಯ ಮುಚ್ಚಳ ತೆಗೆದಿರಲಿಲ್ಲ, ಯಾರನ್ನೂ ಮುಟ್ಟಗೊಟ್ಟಿರಲಿಲ್ಲ. ಊರಿನವರ ಅಡುಗೆಯನ್ನೆಲ್ಲ ಮೂಸಿ ನೋಡುವವಳು ಹೊರಗೆ ಒಂದು ತುತ್ತೂ ತಿನ್ನುತ್ತಿರಲಿಲ್ಲ.

"ಇವತ್ತೂ ಊಟದ ಡಬ್ಬಿ ಹಾಗೇ ವಾಪಸ್ ತಂದ್ಯಾ?" ಅಮ್ಮ ನಿಟ್ಟುಸಿರುಬಿಟ್ಟರು. "ನಿಮ್ಮಣ್ಣ ಮಾಡಿದ್ದಕ್ಕೆ ನೀನು ಮಾತೇ ಆಡದೆ ಎರಡನೇ ಸಲ ಬಟ್ಟಲು ಚಾಚ್ತಿದ್ದೆ. ಅದಕ್ಕಿಂತ ದೊಡ್ಡ ಹೊಗಳಿಕೆ ಬೇಡ ಅಂತಿದ್ದ ಅವನು. ಈಗ ಒಂದು ಸಲ ತಿನ್ನೋಕೂ ಆಗಲ್ವಾ ನಿಂಗೆ?"

"ಅಮ್ಮ... ಇವತ್ತು ಅಣ್ಣನ ಸೂಪಿನ ವಾಸನೆ ಬಂತು."

ಅಮ್ಮನ ಕೈಯಲ್ಲಿದ್ದ ತಟ್ಟೆ ಅರ್ಧದಲ್ಲೇ ನಿಂತಿತು.

"ನಂಗೆ ದಿನಾ ಬರುತ್ತೆ" ಎಂದರು ಮೆಲ್ಲಗೆ.

*

ಲ್ಯಾಬಿನ ಉತ್ತರ ತಡವಾಯಿತು. ಅಂಗಡಿ ಮುಚ್ಚಿಸಿಕೊಂಡವನು ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದು ದಿನ ರೊಟ್ಟಿಯಮ್ಮನಿಗೆ ಹಿಟ್ಟು ನಾದಿಕೊಟ್ಟ. ಮರುದಿನ ಮೀಸೆ ಮಾವನಿಗೆ ಈರುಳ್ಳಿ ಹೆಚ್ಚುತ್ತ ಅವನ ಜೊತೆ ತಾನೂ ಕಣ್ಣೀರಿಟ್ಟ. ಸಂಜೆಗೆ ಅಲ್ಲಿನದೇ ಏನಾದರೊಂದು ಪುಟ್ಟ ಬಟ್ಟಲಲ್ಲಿ ಅವಳ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಅವಳು ಮುಟ್ಟದೆ ವಾಪಸ್ ಕಳಿಸುತ್ತಿದ್ದಳು.

ಆದರೆ ಆ ಸದ್ದನ್ನು ಎಲ್ಲಿಗೆ ವಾಪಸ್ ಕಳಿಸುವುದು?

ಟಕ್... ಟಕ್... ಒಮ್ಮೆ ಕಡಲೆ ಉಂಡೆಯ ಬಾಣಲೆಯಿಂದ. ಒಮ್ಮೆ ತೆಂಗಿನಹಾಲಿನ ಪಾತ್ರೆಯಿಂದ. ಎದೆ ಹಿಡಿದುಕೊಂಡು ಓಡಿಹೋಗಿ ನೋಡಿದರೆ, ಅವನು! ಸೌಟಿನ ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ರುಚಿ ನೋಡುತ್ತಿದ್ದ. ಥೇಟ್ ಅಣ್ಣ!

"ಇದನ್ನೆಲ್ಲ ಎಲ್ಲಿ ಕಲಿತ್ರಿ?" ಎಂದು ಕೇಳಿದಳು.

"ಒಬ್ಬ ಗೆಳೆಯನ ಹತ್ತಿರ."

"ಯಾರವನು?"

ಅವನು ಪಕ್ಕದಲ್ಲಿದ್ದ ದಂಪತಿಯನ್ನು ನೋಡಿ ಹಿಂಜರಿದ. "ನೀವು ಒಬ್ಬರೇ ಇದ್ದಾಗ ಕೇಳಿ. ಹೇಳ್ತೀನಿ."

"ಓಹೋ! ನಾನು ಒಬ್ಬಳೇ ಸಿಗಲಿ ಅಂತ ಕಾಯ್ತಿದ್ದೀರಾ? ಅದಕ್ಕೇನಾ ದಿನಾ ಬಟ್ಟಲು? ನಾಚಿಕೆ ಆಗಲ್ವಾ ನಿಮಗೆ?"

ಅವನ ಕಿವಿ ಕೆಂಪಾದವು. ಸೌಟು ಕೆಳಗಿಟ್ಟು ಹೊರಟುಹೋದ.

ಆ ಸಂಜೆ ಬಟ್ಟಲು ಬರಲಿಲ್ಲ. ಬರದಿದ್ದುದೇ ಒಳ್ಳೆಯದಾಯಿತು ಅಂದುಕೊಂಡಳು. ಆದರೆ ಕಣ್ಣು ಮತ್ತೆ ಮತ್ತೆ ಮೇಜಿನ ಕಡೆಗೇ ಹೋಗುತ್ತಿತ್ತು. ಎಷ್ಟೋ ಕಾಲದ ಮೇಲೆ ಹೊಟ್ಟೆ ಚುರುಗುಟ್ಟುತ್ತಿತ್ತು.

'ಲ್ಯಾಬಿನವರು ವೈನ್ ಇದೆ ಅಂದರೆ ಇವನು ಹೋಗುತ್ತಾನೆ. ಇಲ್ಲ ಅಂದರೆ... ಅಣ್ಣ ಬರುತ್ತಾನೆ.'

ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿಕೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಫೋನ್ ಬಂತು.

"ನಿಮ್ಮ ಸ್ಯಾಂಪಲ್ ಕ್ಲೀನ್ ಮೇಡಂ. ಮದ್ಯದ ಸುಳಿವೇ ಇಲ್ಲ."

ಅವಳು ನೇರ ಮನೆಗೆ ಓಡಿದಳು. ಕಪಾಟಿನಿಂದ ಸೀಸೆ ತೆಗೆದು ಎದೆಗವಚಿಕೊಂಡಳು.

*

ಮಧ್ಯಾಹ್ನದ ಗಿರಾಕಿಗಳು ಹೋಗಿ ಅಂಗಡಿಗಳೆಲ್ಲ ಮುಸುಕು ಹೊದ್ದಿದ್ದವು. ಅವನೊಬ್ಬನೇ ತನ್ನ ಮೂಲೆಯಲ್ಲಿ ಬಟ್ಟಲು ಒರೆಸುತ್ತಿದ್ದ.

ಅವಳು ಸೀಸೆಯನ್ನು ಅವನ ಮುಂದಿಟ್ಟಳು.

"ಅಂಗಡಿ ತೆಗೀರಿ, ಸ್ಯಾಂಪಲ್ ಕ್ಲೀನ್ ಆಗಿದೆ. ಈಗ ಒಬ್ಬಳೇ ಇದ್ದೀನಿ. ಹೇಳಿ."

ಸೀಸೆಯನ್ನು ನೋಡುತ್ತಲೇ ಅವನ ಕಣ್ಣು ತುಂಬಿತು.

"ನಿಮ್ಮಣ್ಣನೂ ನಾನೂ ಮೊದಲು ಒಂದೇ ಹೋಟೆಲಿನಲ್ಲಿದ್ವಿ. ನನಗೆ ನಿಮ್ಮ ಭಾಷೆ ಕಲಿಸಿದ್ದೇ ಅವನು. ನಾನು ನಮ್ಮ ದೇಶದ ಸೂಪು ಕಲಿಸಿದೆ, ಅವನು ಅದನ್ನ ಹಲಾಲ್ ಮಾಡೋದು ಕಲಿಸಿದ. ನಮ್ಮಮ್ಮನಿಗೆ ಹುಷಾರಿಲ್ಲ ಅಂತ ನಾನು ಊರಿಗೆ ಹೋದೆ. ತಿರುಗಿ ಬಂದಾಗ ಈ ಬಾಗಿಲು ಮುಚ್ಚಿತ್ತು..."

"ಅವತ್ತೇ ಯಾಕೆ ಹೇಳಲಿಲ್ಲ?"

"ಎಲ್ಲರ ಮುಂದೆ ಕೇಳಿದ್ರಲ್ಲ! ಈ ಗುಟ್ಟು ತಂಗಿ ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತ ಅವನು ಮಾತು ತಗೊಂಡಿದ್ದ. ಮೂಗಿನ ಮಹಾರಾಣಿ ಪಾಸ್ ಮಾಡಿದ ದಿನ ಅವಳಿಗೆ ಹೇಳೋದು ಅಂತಿದ್ದ."

ಮೂಗಿನ ಮಹಾರಾಣಿ...

ಆ ಹೆಸರನ್ನು ಅವಳು ಮತ್ತೆ ಕೇಳುತ್ತೇನೆ ಅಂದುಕೊಂಡಿರಲಿಲ್ಲ. ಕಣ್ಣೀರು ತಾನೇ ಇಳಿಯಿತು.

"ಇದನ್ನ ತೆಗೀರಿ. ನಿಮ್ಮದೂ ಇದೂ ಒಂದೇನಾ ನೋಡ್ಬೇಕು ನಾನು."

ಅವನು ಸೀಸೆಯ ಮೇಲೆ ಕೈಯಿಟ್ಟು ತಡೆದ. "ಬೇಡ. ಇದನ್ನ ಬೆಳಗ್ಗೆ ಮಾಡಿ, ಸಂಜೆಗೆ ಉಳಿದಿದ್ದು ಚೆಲ್ಲಿಬಿಡ್ಬೇಕು. ಅವನು ಕಲಿಸಿದ ಮೊದಲನೇ ಪಾಠ ಅದು. ಇಷ್ಟು ವರ್ಷ ಆದಮೇಲೆ..."

ಅವಳು ಕೇಳಲಿಲ್ಲ. ಮುಚ್ಚಳ ತಿರುವಿದಳು.

ಬುಸ್ಸ್!

ನೊರೆ ಉಕ್ಕಿ ಕೈಮೇಲೆ ಹರಿಯಿತು. ಅವಳ ಮೂಗಿಗೆ ಯಾವ ಲ್ಯಾಬೂ ಬೇಕಿರಲಿಲ್ಲ. ಹುಳಿ ಬಂದು ಬಂದು, ಅಣ್ಣನ ರಸ ವೈನೇ ಆಗಿಹೋಗಿತ್ತು! ಇವನ ಪಾತ್ರೆಯಲ್ಲಿ ಅವಳು ಹುಡುಕಿದ್ದು ಇಷ್ಟು ದಿನ ಅವಳ ಕಪಾಟಿನಲ್ಲೇ ಕೂತಿತ್ತು.

"ಅವನು ಕೊಟ್ಟಿದ್ದು ಇದೊಂದೇ..." ಬಿಕ್ಕಿದಳು. "ಅವತ್ತೇ ಒಂದು ಹನಿ ನೋಡಿದ್ರೆ ಏನಾಗ್ತಿತ್ತು ನಂಗೆ? ಇದನ್ನೂ ಹಾಳು ಮಾಡಿದೆ!"

"ನೀವು ಹಾಳು ಮಾಡಿಲ್ಲ. ಇಟ್ಟರೆ ಕೆಡುತ್ತೆ ಇದು, ಅಷ್ಟೇ." ಅವನ ದನಿ ತೀರ ಮೆತ್ತಗಾಯಿತು. "ನಾನು ದಿನಾ ಬೆಳಗ್ಗೆ ಹೊಸದಾಗಿ ಮಾಡ್ತೀನಲ್ಲ. ಮಾಡುವಾಗೆಲ್ಲ ಅವನು ಪಕ್ಕದಲ್ಲೇ ನಿಂತು ಬೈತಿರ್ತಾನೆ. ಬನ್ನಿ ನೀವೂ."

ಅವಳು ಸೀಸೆಯನ್ನು ಸಿಂಕಿಗೆ ಒಯ್ದಳು. ಕೈ ಹಿಂದಕ್ಕೆ ಬಂತು. ಮತ್ತೆ ಚಾಚಿದಳು. ಪೂರ್ತಿ ಸುರಿದು, ನಲ್ಲಿ ತಿರುಗಿಸಿ, ಘಮ ಹೋಗುವವರೆಗೂ ನಿಂತಳು.

"ಈಗ ಕಲಿಸಿ."

ಸೇಬಿನ ರಸ, ಒಂದೆರಡು ಖರ್ಜೂರ, ಹುರಿದ ಅಕ್ಕಿಯ ನೀರು, ಕೊನೆಗೆ ಒಂದಿಷ್ಟು ನಿಂಬೆ. ಇಷ್ಟೇನಾ? ಇಷ್ಟೇ! ಅಣ್ಣ ಇದಕ್ಕೇ ಅಷ್ಟು ಜಂಬ ಮಾಡುತ್ತಿದ್ದನೇ? ಅಳುತ್ತಿದ್ದವಳಿಗೆ ನಗು ಬಂತು.

ಸೂಪು ಕುದಿಯಿತು. ಟಕ್... ಟಕ್... ಈ ಸಲ ಅವಳು ಬೆಚ್ಚಲಿಲ್ಲ.

ಅವನು ಬಡಿಸಿದ್ದನ್ನು ತಲೆ ಎತ್ತದೆ ತಿಂದಳು. ಅವನು ಸೌಟು ಹಿಡಿದು ಎದುರಿಗೇ ನಿಂತಿದ್ದ.

"ಒಂದು ಮಾತು... ನೀವು ಅವತ್ತು ನನ್ನ ಬೈದಿದ್ರಲ್ಲ, ಅದು ಪೂರ್ತಿ ಸುಳ್ಳೇನಲ್ಲ" ಎಂದ ತಡವರಿಸುತ್ತ. "ಗುಟ್ಟು ಹೇಳೋಕೆ ಅಂತಲೇ ಬಂದೆ. ಆದ್ರೆ ಅವನ ಬಾಯಲ್ಲಿ ನಿಮ್ಮ ಸುದ್ದಿ ಕೇಳಿ ಕೇಳಿ... ನೋಡೋ ಮೊದಲೇ ನೀವು ನನ್ನ ಮನಸ್ಸಿನಲ್ಲಿದ್ರಿ."

ಅವಳು ಮಾತೇ ಆಡದೆ ಖಾಲಿ ಬಟ್ಟಲನ್ನು ಅವನ ಮುಂದೆ ಚಾಚಿದಳು.

ಆ ಎರಡನೇ ಬಟ್ಟಲಿನ ಅರ್ಥವನ್ನು ಅಣ್ಣ ಅವನಿಗೂ ಹೇಳಿದ್ದ.

"ಇದು... ಸೂಪಿಗಾ? ನನಗಾ?"

"ಅದನ್ನ ನಾಳೆ..." ಎಂದವಳು ಥಟ್ಟನೆ ನಿಂತಳು. ತಲೆಯೆತ್ತಿ, ಒದ್ದೆ ಕಣ್ಣಲ್ಲೇ ಅವನನ್ನು ನೋಡಿದಳು.

"ಇಲ್ಲ. ಇವತ್ತೇ ಹೇಳ್ತೀನಿ. ಸೂಪೂ ಪಾಸ್... ನೀವೂ ಪಾಸ್."