ಮೇಣ ಹಚ್ಚಿದ ನೂಲು

ಪಾಲಿಶ್ ಕೋಣೆಯ ಎರಡು ಕಿಟಕಿಗಳಿಗೂ ಹಲಗೆ ಬಡಿಯಲಾಗಿತ್ತು. ಪಾಲಿಶ್ ಆರುವ ಮೊದಲು ಅದರ ಮೇಲೆ ಧೂಳು ಕೂರಬಾರದೆಂದು ಮಾಲೀಕನ ಆಜ್ಞೆ. ಮಾರ್ಚ್ ಹನ್ನೊಂದರಂದು ಮಧ್ಯಾಹ್ನ ಎರಡೂವರೆಗೆ, ಹದಿನಾಲ್ಕು ಜನ ಕೂರುವ ಊಟದ ಮೇಜಿಗೆ ನಾಲ್ಕನೆಯ ಸುತ್ತು ಪಾಲಿಶ್ ಹಾಕುತ್ತಿದ್ದ ಮೂವತ್ತನಾಲ್ಕು ವರ್ಷದ ಪಾಲಿಶ್‌ಗಾರ ಆ ಕೋಣೆಯೊಳಗೆ ಥಿನ್ನರ್ ಹೊಗೆಗೆ ಉಸಿರುಕಟ್ಟಿ ಸತ್ತ. ಠಾಣೆಯ ಕಡತದಲ್ಲಿ, "ಮೃತನು ಮದ್ಯವ್ಯಸನಿಯಾಗಿದ್ದು, ಕೆಲಸದ ಸ್ಥಳದ ಹೊರಗೆ ರಸ್ತೆ ಬದಿಯಲ್ಲಿ ಕುಸಿದುಬಿದ್ದು ಸಹಜವಾಗಿ ಸಾವನ್ನಪ್ಪಿರುತ್ತಾನೆ" ಎಂದು ಬರೆಯಲಾಯಿತು. ಮೇಜು ಹೇಳಿದ ದಿನಕ್ಕೇ ಗಿರಾಕಿಯ ಮನೆ ಸೇರಿತು.

ಅಕ್ಟೋಬರ್ ಹದಿನಾಲ್ಕು, ಬೆಳಿಗ್ಗೆ ಒಂಬತ್ತು ನಲವತ್ತು. ಇಬ್ಬರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಮುಂದಿದ್ದವನು ಪೀಠೋಪಕರಣದ ಷೋರೂಮಿನ ಮ್ಯಾನೇಜರ್. ಹಿಂದಿದ್ದವನು ಡಿಸೈನರ್, ಷೋರೂಮಿಗೂ ಅದಕ್ಕೆ ಮಾಲು ತಯಾರಿಸುವ ಕಾರ್ಖಾನೆಗೂ ಅವನೇ ಮಾಲೀಕ.

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್.

"ಅವರು ಕೂರೋ ಸ್ಥಿತೀಲಿ ಇಲ್ಲ ಮೇಡಂ," ಎಂದ ಮ್ಯಾನೇಜರ್. "ನಿನ್ನೆ ಬಿದ್ದಿದ್ದಾರೆ."

"ಎಲ್ಲಿಂದ?"

"ಸೋಫಾದಿಂದ."

"ಸೋಫಾದಿಂದ ಕೆಳಗಾ?"

"ಸೋಫಾದ ಒಳಕ್ಕೆ ಮೇಡಂ."

ಮೂಲೆಯ ಮೇಜಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ನಗು ನುಂಗಿಕೊಂಡ. ಯಾವ ಕಾಗದ ಯಾವ ಕಪಾಟಿನ ಯಾವ ಅರೆಯಲ್ಲಿದೆ ಎಂದು ಕೂತಲ್ಲೇ ಹೇಳುತ್ತಿದ್ದನಾದ್ದರಿಂದ ಠಾಣೆಯಲ್ಲಿ ಎಲ್ಲರೂ ಅವನನ್ನು ಫೈಲಪ್ಪ ಎನ್ನುತ್ತಿದ್ದರು. ಅಕ್ಷರ ಮುತ್ತಿನಂಥದು, ಹಾಗಾಗಿ ಬರೆಯುವ ಕೆಲಸವೆಲ್ಲ ಅವನ ತಲೆಗೇ. ಆದರೆ ಮ್ಯಾನೇಜರ್ ಕಂಪನಿಯ ಹೆಸರು ಹೇಳಿದೊಡನೆ ಅವನು ಕಣ್ಣನ್ನು ಹಾಳೆಗೆ ಇಳಿಸಿದ. ಮಾರ್ಚಿನ ಕಡತ ಬರೆದದ್ದು ಅವನೇ. ಡಿವೈಎಸ್ಪಿ ಸಾಹೇಬರು ಫೋನಿನಲ್ಲಿ ಹೇಳಿದಂತೆ, ಒಂದಕ್ಷರ ಆಚೀಚೆ ಮಾಡದೆ ಬರೆದಿದ್ದ. ಇನ್ಸ್‌ಪೆಕ್ಟರ್ ಈ ಠಾಣೆಗೆ ಬಂದದ್ದು ಜೂನ್‌ನಲ್ಲಿ; ಅವರಿಗದು ತಿಳಿಯದು. ತಿಳಿದರೆ ಅವನ ನೌಕರಿ ಹೋಗುತ್ತದೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

ದೂರು ಇಷ್ಟು: ಹಿಂದಿನ ಸಂಜೆ ಆರಕ್ಕೆ ಹೊಸ ಸೋಫಾಗಳ ಪ್ರದರ್ಶನ. ಹನ್ನೊಂದು ಸೋಫಾ, ಎಂಬತ್ತು ಅತಿಥಿಗಳು, ಕ್ಯಾಮೆರಾಗಳು. ಡಿಸೈನರ್ ಭಾಷಣ ಮುಗಿಸಿ, "ಈಗ ಎಲ್ಲರೂ ಕೂತು ನೋಡಿ" ಎಂದ. ಕೂತರು. ಆರು ಇಪ್ಪತ್ತೆರಡರಿಂದ ಆರು ಇಪ್ಪತ್ತೈದರ ಒಳಗೆ ಹನ್ನೊಂದೂ ಸೋಫಾಗಳ ಹೊಲಿಗೆ ಬಿಚ್ಚಿಕೊಂಡು ಆಸನಗಳು ನೆಲಕಚ್ಚಿದವು. ಬಾತುಕೋಳಿಯ ಪುಕ್ಕ ತುಂಬಿದೆ ಎಂದು ಹೇಳಿದ್ದ ಸೋಫಾಗಳ ಹೊಟ್ಟೆಯಿಂದ ಕಂದುಬಣ್ಣದ ಚಿಂದಿ ಬಟ್ಟೆ ಹೊರಬಂತು. ಒಬ್ಬ ಅತಿಥಿಯ ಮಣಿಕಟ್ಟು ಉಳುಕಿತ್ತು.

"ಯಾರ ಮೇಲಾದ್ರೂ ಅನುಮಾನ?"

"ನಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ಪಡೋ ಕಂಪನಿಗಳು ಬೇಕಾದಷ್ಟಿವೆ," ಎಂದ ಡಿಸೈನರ್.

"ಕಾರ್ಖಾನೇಲಿ ಏನಾದ್ರೂ ಗಲಾಟೆ? ಅನಾಹುತ?"

ಮ್ಯಾನೇಜರ್ ಡಿಸೈನರ್‌ನ ಮುಖ ನೋಡಿದ. "ಏನೂ ಇಲ್ಲ ಮೇಡಂ," ಎಂದ ಡಿಸೈನರ್. ಫೈಲಪ್ಪ ತಲೆಯೆತ್ತದೆ 'ಏನೂ ಇಲ್ಲ' ಎಂದು ಬರೆದುಕೊಂಡ. ಹತ್ತೂ ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದೂ ಕಾಲಿಗೆ ಸ್ಥಳ ಪಂಚನಾಮೆ. ಷೋರೂಮ್ ಎಂದರೆ ಗಾಜಿನ ಪೆಟ್ಟಿಗೆ. ತೆರೆಯುವ ಕಿಟಕಿ ಒಂದೂ ಇಲ್ಲ. ಸೂರಿನಿಂದ ಸಣ್ಣ ಸಣ್ಣ ದೀಪಗಳು ಒಂದೊಂದು ವಸ್ತುವಿನ ಮೇಲೂ ದೇವರ ಮೇಲೆ ಬಿಟ್ಟಂತೆ ಬೆಳಕು ಬಿಟ್ಟಿದ್ದವು. ಸೋಫಾಗಳಿಗೆ ಮುಂಗಾಲುಗಳಿಲ್ಲ. ಆಸನವಿಡೀ ಚರ್ಮದ ತೊಟ್ಟಿಲಿನಂತೆ ಹಿಂದಿನ ಚೌಕಟ್ಟಿಗೆ ನೇತುಹಾಕಿದ ಹಾಗೆ ಕಾಣುವುದೇ ಅವುಗಳ ಹೆಗ್ಗಳಿಕೆ. ಭಾರವೆಲ್ಲ ಹಿಂಬದಿಯ ಒಂದೇ ಹೊಲಿಗೆಯ ಮೇಲೆ.

"ಈ ಹೊಲಿಗೆ ಮೆಷಿನ್ನಿಂದಲಾ?" ಇನ್ಸ್‌ಪೆಕ್ಟರ್ ಮಂಡಿಯೂರಿ ಕೇಳಿದರು.

"ಮಿಕ್ಕಿದ್ದೆಲ್ಲ ಮೆಷಿನ್ ಮೇಡಂ. ದಿಂಬು ಒಳಗೆ ತುರುಕಿದ ಮೇಲೆ ಈ ಕೊನೇ ಬಾಯಿ ಇದೆಯಲ್ಲ, ಅದನ್ನ ಮಾತ್ರ ಕೈಯಲ್ಲೇ ಮುಚ್ಬೇಕು. ಮೆಷಿನ್ ಹೋಗಲ್ಲ."

"ಯಾರು ಮುಚ್ತಾರೆ?"

"ಒಂಬತ್ತು ಜನ ಇದ್ದಾರೆ. ಯಾರಿಗೆ ಬಿಡುವೋ ಅವರು. ಯಾವುದನ್ನ ಯಾರು ಅಂತ ಬರೆದಿಡಲ್ಲ."

ಚರ್ಮಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ನೂಲು ಮಾತ್ರ ಕಿತ್ತಿತ್ತು. ನೈಲಾನ್ ಇರಬೇಕಾದ ಕಡೆ ಇದ್ದದ್ದು ಅರಿವೆಗೆ ತಾತ್ಕಾಲಿಕ ಹೊಲಿಗೆ ಹಾಕುವ ಹತ್ತಿಯ ನೂಲು. ಇನ್ಸ್‌ಪೆಕ್ಟರ್ ಒಂದು ತುಂಡನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆದರು. ಬೆರಳು ಜಾರಿತು. ಮೂಸಿ ನೋಡಿದರು.

"ಮೇಣ. ನೈಲಾನ್‌ಗೆ ಮೇಣ ಹಚ್ತಾರಾ?"

"ಇಲ್ಲ ಮೇಡಂ, ಯಾಕೆ? ಅದು ಹಿಂದಿನ ಕಾಲದ ಕೈಹೊಲಿಗೆಯೋರ ಅಭ್ಯಾಸ."

"ಕಿತ್ತುಹೋಗ್ಲಿ ಅಂತ ಹಾಕಿದ ನೂಲಿಗೆ ಮೇಣ ಹಚ್ಚಿ ಗಟ್ಟಿ ಮಾಡೋದು ಯಾಕೆ?"

ಮ್ಯಾನೇಜರ್ ನೂಲಿನ ಇನ್ನೊಂದು ತುಂಡು ಎತ್ತಿ ನೋಡಿದ. ಇನ್ಸ್‌ಪೆಕ್ಟರ್ ತಮಗೆ ತಾವೇ ಎಂಬಂತೆ, "ಬೇಕೂಂತ ಹಚ್ಚಿದ್ದಲ್ಲ. ಕೈ ತಡೀಲಿಲ್ಲ," ಎಂದರು.

ಫೈಲಪ್ಪ ಚಿಂದಿಗಳನ್ನು ಎಣಿಸಿ ಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತುತ್ತಿದ್ದ. ಪಾಲಿಶ್ ಒರೆಸಿದ ಬಟ್ಟೆಗಳು, ಇನ್ನೂ ಥಿನ್ನರ್‌ನ ಘಾಟು. ಮಾರ್ಚ್‌ನ ಆ ದಿನ ಪಾಲಿಶ್ ಕೋಣೆಯ ಬಾಗಿಲಲ್ಲಿ ನಿಂತಾಗಲೂ ಇದೇ ಘಾಟು ಅವನ ಮೂಗಿಗೆ ಹೊಡೆದಿತ್ತು. ಆದರೂ 'ರಸ್ತೆ ಬದಿ' ಎಂದು ಬರೆದಿದ್ದ.

ಮಧ್ಯಾಹ್ನ ಮೂರಕ್ಕೆ ಕಾರ್ಖಾನೆ. ಷೋರೂಮಿನಲ್ಲಿ ಹೆಜ್ಜೆ ಸದ್ದು ಕೇಳದಂತೆ ಜಮಖಾನ ಹಾಸಿದ್ದರೆ, ಇಲ್ಲಿ ಕಾಲಿಟ್ಟಲ್ಲೆಲ್ಲ ಮೊಳೆ, ಹೊಟ್ಟು, ಅಂಟಿನ ಡಬ್ಬಿ. ಚಿಂದಿಯ ಜಾಡು ಹಿಡಿದು ಮೊದಲು ಪಾಲಿಶ್ ಕೋಣೆಗೆ ಹೋದರು. ಈಗಿನ ಪಾಲಿಶ್‌ಗಾರ ಮೂಗಿಗೆ ಕಟ್ಟಿದ್ದ ಬಟ್ಟೆ ಇಳಿಸಿದ.

"ಈ ಬಟ್ಟೆ ನಿಮ್ದಾ?"

"ಬಿಸಾಕಿದ್ದು ಮೇಡಂ. ಬಿಸಾಕಿದ್ದನ್ನ ಸೋಫಾಗೆ ತುಂಬಿದ್ರೆ ನಾನೇನ್ ಮಾಡ್ಲಿ? ದಿಂಬು ಸಾಹೇಬ್ರಿಗೆ ಮೆತ್ತಗಿತ್ತಂತಾ?"

ಹಿಂದೆ ಯಾರೋ ಕಿಸಕ್ಕೆಂದರು. ದಿಂಬು ಸಾಹೇಬ ಎಂದರೆ ಡಿಸೈನರ್ ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ಸ್‌ಪೆಕ್ಟರ್ ಕಿಟಕಿಯ ಚೌಕಟ್ಟಿನ ಮೇಲೆ ಬೆರಳಾಡಿಸುತ್ತಿದ್ದರು. ಹೊಸ ಬಣ್ಣದ ಕೆಳಗೆ ಮೊಳೆಯ ತೂತುಗಳು, ಒಂದೊಂದು ಗೇಣಿಗೆ ಒಂದು. "ಇಲ್ಲಿ ಏನು ಬಡಿದಿದ್ರು?"

ನಗು ನಿಂತಿತು. ಪಾಲಿಶ್‌ಗಾರ ಮೂಗಿನ ಬಟ್ಟೆಯನ್ನು ಮೇಲಕ್ಕೆಳೆದುಕೊಂಡ. "ನಾನು ಏಪ್ರಿಲ್‌ನಲ್ಲಿ ಬಂದೋನು ಮೇಡಂ. ನನ್ನ ಕೇಳ್ಬೇಡಿ." ಹಾಗೆ ಹೇಳಿದಾಗ ಹಿಂದಿದ್ದ ಹಳಬರು ನೋಡಿದ್ದು ಫೈಲಪ್ಪನನ್ನು. ಇನ್ಸ್‌ಪೆಕ್ಟರ್ ಆ ನೋಟವನ್ನೂ ನೋಡಿದರು.

ಹೊಲಿಗೆ ವಿಭಾಗದಲ್ಲಿ ಒಂಬತ್ತು ಜನ ಸಾಲಾಗಿ ನಿಂತರು. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ ಒಂಬತ್ತು 'ಗೊತ್ತಿಲ್ಲ' ಬರೆದುಕೊಂಡದ್ದಾಯಿತು. ಆಗ ಇನ್ಸ್‌ಪೆಕ್ಟರ್ ಒಂದು ಉಂಡೆ ಹತ್ತಿ ನೂಲು, ಒಂಬತ್ತು ಸೂಜಿ, ಒಂಬತ್ತು ಚರ್ಮದ ತುಂಡು ತರಿಸಿದರು.

"ಒಂದು ಗೇಣು ಹೊಲೀರಿ. ಸೋಫಾ ಬಾಯಿ ಮುಚ್ಚೋ ಹಾಗೆ."

ಫೈಲಪ್ಪ ಕಂಬದ ಹಿಂದೆ ಸರಿದ. ಎಡದಿಂದ ಆರನೆಯವಳನ್ನು ಅವನು ಗುರುತು ಹಿಡಿದಿದ್ದ. ಸತ್ತ ಪಾಲಿಶ್‌ಗಾರನ ಅಕ್ಕ. ಮಾರ್ಚ್‌ನಲ್ಲಿ ಮೂರು ದಿನ ಠಾಣೆಯ ಜಗಲಿಯ ಮೇಲೆ ಕೂತಿದ್ದಳು. ಮೂರನೆಯ ದಿನ ಇವನೇ, "ಎಲ್ಲಾ ಕಾನೂನು ಪ್ರಕಾರ ಆಗಿದೆ, ಮನೆಗೆ ಹೋಗಮ್ಮ," ಎಂದು ಸಾಗಹಾಕಿದ್ದ.

ಎಂಟು ಜನ ನೂಲು ಕತ್ತರಿಸಿ ಸೂಜಿಗೆ ಪೋಣಿಸಿದರು. ಆರನೆಯವಳ ಎಡಗೈ ಮಾತ್ರ ನೂಲು ಸಿಕ್ಕಿದ್ದೇ ತಡ ಸೊಂಟದ ಚೀಲಕ್ಕಿಳಿದು ಅಡಿಕೆ ಗಾತ್ರದ ಮೇಣದ ಉಂಡೆ ತೆಗೆಯಿತು. ನೂಲನ್ನು ಅದರ ಮೇಲೆ ಒಮ್ಮೆ ಎಳೆದಳು. ಎರಡನೆಯ ಬಾರಿ ಎಳೆಯುವಾಗ ಕೈ ಅರ್ಧದಲ್ಲೇ ನಿಂತಿತು. ತನ್ನ ಕೈಯನ್ನು ತಾನೇ ನೋಡಿಕೊಂಡಳು, ಬೇರೆಯವರ ಕೈ ನೋಡುವಂತೆ. ಮೆಲ್ಲಗೆ ನಕ್ಕಳು.

"ಥೂ, ಹಾಳು ಕೈಯೇ," ಎಂದಳು. ಪೂರ್ತಿ ಎಳೆದು, ಸೂಜಿಗೆ ಪೋಣಿಸಿ, ಗೇಣುದ್ದ ಹೊಲಿದು ಮುಗಿಸಿಯೇ ಎದ್ದಳು.

ನಾಲ್ಕು ಐವತ್ತಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ದಸ್ತಗಿರಿ. ಅವಳು ಬಾಗಿಲು ದಾಟುವವರೆಗೆ ಉಳಿದ ಎಂಟು ಜನರಲ್ಲಿ ಯಾರೂ ಕೂರಲಿಲ್ಲ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಎದುರಿಗೆ ಕೂರಿಸಿಕೊಂಡರು. ಫೈಲಪ್ಪ ಹಾಳೆ ಮಡಿಸಿ ಅಂಚು ಬಿಟ್ಟ.

"ಹನ್ನೊಂದನ್ನೂ ನೀವೇ ಹೊಲಿದದ್ದಾ?"

"ಹೌದು. ಹೊಲೀತೀನಿ ಕೊಡಿ ಅಂದ್ರೆ ಎಲ್ರೂ ಖುಷಿಯಾಗಿ ಕೊಟ್ರು. ಬೆರಳು ನೋಯೋ ಕೆಲಸ ಅದು. ಪುಕ್ಕದ ಬದಲು ಪಾಲಿಶ್ ಚಿಂದಿ ತುಂಬಿದ್ದೂ ನಾನೇ. ಅವರಿಗೆ ಏನೂ ಗೊತ್ತಿಲ್ಲ, ಬರ್ಕೊಳ್ಳಿ."

"ಜನರ ಮೈಗೆ ಪೆಟ್ಟಾಯ್ತಲ್ಲ."

"ಒಂದು ಮಣಿಕಟ್ಟು. ಅದಕ್ಕೆ ಬೇಜಾರಿದೆ, ಅದು ಬೇರೆ ಯಾರೋ ಹೆಂಗಸು. ಆ ದಿಂಬಿನ ಸೊಂಟಕ್ಕಲ್ಲ."

"ಏನು ಕೋಪ ಅವರ ಮೇಲೆ?"

"ಅವನ ಭಾಷಣ ಕೇಳಿದೀರಾ ಅಕ್ಕಾ? ಕೊನೇ ಗಳಿಗೇಲಿ ಏನಾದ್ರೂ ಹೊಲಿಯೋದಿದ್ರೆ ಅಂತ ನನ್ನ ಪರದೆ ಹಿಂದೆ ನಿಲ್ಲಿಸಿದ್ರು. 'ಇವುಗಳಲ್ಲಿ ನನ್ನ ಉಸಿರಿದೆ' ಅಂದ ಮೈಕಲ್ಲಿ. ಯಾರ ಉಸಿರೋ, ಅಂದ್ಕೊಂಡೆ. ಆಮೇಲೆ ಪಟಪಟಾ ಅಂತ ಶುರುವಾಯ್ತು ನೋಡಿ. ಹನ್ನೊಂದು. ಒಂದೊಂದನ್ನೂ ಎಣಿಸ್ದೆ. ಏಳು ತಿಂಗಳಿಂದ ಅನ್ನ ಗಂಟಲಲ್ಲಿ ಇಳೀತಿರ್ಲಿಲ್ಲ ನಂಗೆ. ನಿನ್ನೆ ಎರಡು ಸಲ ಬಡಿಸ್ಕೊಂಡು ಉಂಡೆ." ಅವಳ ಕಣ್ಣಲ್ಲಿ ನೀರಿರಲಿಲ್ಲ. "ಸಿಕ್ಕಿಬೀಳೋ ಆಸೆ ಇರ್ಲಿಲ್ಲ. ಇನ್ನೂ ಹದಿನಾರು ಸೋಫಾ ಹೊಲಿಯೋದಿತ್ತು. ಕೈ ಕೆಡಿಸ್ತು."

"ಯಾರ ಉಸಿರು ಅಂದ್ರಿ?"

ಹೊಲಿಗೆಯವಳು ನಿಧಾನವಾಗಿ ಬರೆಯುವವನ ಕಡೆ ತಿರುಗಿದಳು. "ಅದನ್ನ ಈ ಅಣ್ಣನ್ನ ಕೇಳಿ. ಚೆನ್ನಾಗಿ ಬರೀತಾರೆ."

ಇನ್ಸ್‌ಪೆಕ್ಟರ್, "ಏನ್ರೀ ಇದು?" ಎಂದರು. ಫೈಲಪ್ಪ ಎದ್ದು, ಬಲಗಡೆಯ ಕಪಾಟಿನ ಮೂರನೆಯ ಅರೆಯಿಂದ ತೆಳ್ಳನೆಯ ಕಡತವೊಂದನ್ನು ತಂದು ಅವರ ಮುಂದಿಟ್ಟ. ಎರಡೇ ಹಾಳೆ. ಅವರು ಎರಡು ಸಲ ಓದಿದರು.

"ರಸ್ತೆ ಬದಿ ಅಂತಿದೆ."

"ಪಾಲಿಶ್ ಕೋಣೆ ಮೇಡಂ. ಹಲಗೆ ಬಡಿದಿದ್ರು. ನಾನು ಕಣ್ಣಾರೆ ನೋಡಿದೀನಿ."

"ಮತ್ತೆ ಇದು?"

"ಹೇಳಿದ್ರು. ಬರ್ದೆ."

ಇನ್ಸ್‌ಪೆಕ್ಟರ್ ಅವನನ್ನು ಬೈಯಲಿಲ್ಲ. ಬೈದಿದ್ದರೆ ಮೇಲಿತ್ತು ಎನಿಸಿತು ಅವನಿಗೆ. "ಅವರು ಹೇಳಿದ್ದು ಹೇಳಿದ ಹಾಗೆ ಬರ್ಕೊಳ್ಳಿ," ಎಂದಷ್ಟೇ ಹೇಳಿ ಕಡತವನ್ನು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

"ತಮ್ಮ ಕುಡೀತಿರ್ಲಿಲ್ಲ," ಎಂದಳು ಹೊಲಿಗೆಯವಳು. "ಪಾಲಿಶ್ ವಾಸನೆಗೇ ಅವನಿಗೆ ತಲೆ ತಿರುಗ್ತಿತ್ತು, ಇನ್ನು ಹೆಂಡ ಎಲ್ಲಿಂದ? ಕುಡುಕ ಅಂತ ಬರ್ದಿದ್ರಿಂದ ಅವನ ಮಗಳನ್ನ ಸ್ಕೂಲಲ್ಲಿ ಕುಡುಕನ ಮಗಳು ಅಂತಾರೆ. ನಂಗೆ ಬೇರೇನೂ ಬೇಡ. ಕೋರ್ಟಲ್ಲಿ ಯಾಕೆ ಹೀಗೆ ಮಾಡ್ದೆ ಅಂತ ಕೇಳ್ತಾರಲ್ಲ, ಆಗ ಕಿಟಕಿ ವಿಷಯ ಈ ಹಾಳೇಲಿ ಇರ್ಬೇಕು. ಜೈಲಿಗೆ ಬೇಕಾದ್ರೆ ಹಾಕಿ."

ಸ್ವಇಚ್ಛಾ ಹೇಳಿಕೆ ನಾಲ್ಕು ಪುಟವಾಯಿತು. ಆಪಾದಿತಳು ಈ ಕೃತ್ಯ ಎಸಗಲು ಕಾರಣ ಎಂಬಲ್ಲಿ ಫೈಲಪ್ಪ ಬರೆದದ್ದು: "ತಮ್ಮನು ಮುಚ್ಚಿದ ಕೋಣೆಯಲ್ಲಿ ಉಸಿರುಕಟ್ಟಿ ಸತ್ತದ್ದನ್ನು ಯಾರೂ ಒಪ್ಪಿಕೊಳ್ಳದ್ದರಿಂದ." ಓದಿ ಹೇಳಿದ. ಅವಳು ಪ್ರತಿ ಪುಟಕ್ಕೂ ಸಹಿ ಹಾಕಿದಳು.

ಮಾರನೆಯ ದಿನ ಹನ್ನೊಂದೂವರೆಗೆ ಡಿವೈಎಸ್ಪಿ ಸಾಹೇಬರು ಬಂದರು. ಡಿಸೈನರ್ ಹೊರಗೆ ಕಾರಿನಲ್ಲಿ ಪಕ್ಕಕ್ಕೆ ವಾಲಿಕೊಂಡು ಕೂತಿದ್ದ. ಸಾಹೇಬರು ನಾಲ್ಕೂ ಪುಟ ತಿರುವಿಹಾಕಿದರು.

"ಸೋಫಾ ಹರಿದ ಕೇಸಲ್ಲಿ ಕಿಟಕಿ ಯಾಕ್ ಬಂತು? ತಮ್ಮ ಗಿಮ್ಮ ಎಲ್ಲಾ ತೆಗೀರಿ. ಮೇಸ್ತ್ರಿ ಬೈದದ್ದಕ್ಕೆ ದ್ವೇಷ, ಅಷ್ಟು ಸಾಕು. ಅವಳು ಅದಕ್ಕೆ ಸಹಿ ಹಾಕ್ಲಿ, ಮಾಲೀಕರೇ ಸಂಜೆಗೆ ಜಾಮೀನು ಕೊಡಿಸ್ತಾರೆ."

"ಹೇಳಿಕೆ ಆಗಲೇ ದಾಖಲಾಗಿದೆ ಸರ್," ಎಂದರು ಇನ್ಸ್‌ಪೆಕ್ಟರ್.

"ನಾನು ನಿಮ್ಮನ್ನ ಕೇಳಿಲ್ಲ." ಸಾಹೇಬರು ಮೂಲೆಯ ಮೇಜಿನ ಹತ್ತಿರ ಹೋಗಿ ನಾಲ್ಕೂ ಹಾಳೆಗಳನ್ನು ಅಲ್ಲಿ ಹಾಕಿದರು. "ಏನಯ್ಯಾ ಫೈಲಪ್ಪ. ಹೊಸ ಹಾಳೆ ತಗೋ. ನಾನು ಹೇಳ್ತೀನಿ, ಬರ್ಕೋ."

ಬೆಂಚಿನ ಮೇಲಿದ್ದ ಹೊಲಿಗೆಯವಳು ತಲೆಯೆತ್ತಿದಳು. ಫೈಲಪ್ಪ ಪೆನ್ನು ಮುಟ್ಟಲಿಲ್ಲ.

"ಬರೆಯಲ್ಲ ಸಾರ್."

"ಏನಂದೆ?"

"ಮಾರ್ಚ್‌ದು ನಾನೇ ಬರ್ದಿದ್ದೆ. ಇದು ಬರೆಯಲ್ಲ."

"ರಿಟೈರ್ ಆಗೋಕೆ ಎಷ್ಟು ತಿಂಗಳಿದೆ ನಿಂಗೆ?"

"ಹದಿನಾಲ್ಕು."

"ಜ್ಞಾಪಕ ಇದೆಯಲ್ಲ, ಒಳ್ಳೇದು. ಯೋಚನೆ ಮಾಡಿ ಮಾತಾಡು."

"ಬೆಳಗಿನ ಜಾವದವರೆಗೂ ಅದೇ ಮಾಡಿದ್ದು ಸಾರ್."

ಇನ್ಸ್‌ಪೆಕ್ಟರ್ ಕೈಗಡಿಯಾರ ನೋಡಿ, ಬಾಗಿಲಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್‌ಗೆ, "ಹನ್ನೆರಡಕ್ಕೆ ಕೋರ್ಟಿಗೆ ಹಾಜರುಪಡಿಸ್ಬೇಕು, ಜೀಪ್ ಮುಂದಕ್ಕೆ ಬರ್ಲಿ," ಎಂದರು.

ಸಾಹೇಬರು ಕೈ ಚಾಚಿದರು. "ಆ ಹಾಳೆ ಕೊಡು ಇಲ್ಲಿ."

ಫೈಲಪ್ಪ ನಾಲ್ಕೂ ಪುಟಗಳ ಅಂಚು ಸರಿಮಾಡಿ, ಅವುಗಳ ಮೇಲೆ ಎರಡೂ ಅಂಗೈ ಊರಿದ.

"ಕೊಡಲ್ಲ ಸಾರ್."