ಎರಡನೇ ಓದು

ಕಂಪನಿಯ ಯಜಮಾನನಿಗೆ ಪುರುಸೊತ್ತು ಎಂಬುದು ಇರಲಿಲ್ಲ. ಮಂಗಳವಾರ, ಒಂಬತ್ತನೇ ತಾರೀಖು, ಬೆಳಿಗ್ಗೆ 11.20ಕ್ಕೆ ಠಾಣೆಗೆ ಬಂದವನು ಕುರ್ಚಿ ತೋರಿಸಿದರೂ ಕೂರದೆ ನಿಂತೇ ದೂರು ಹೇಳತೊಡಗಿದ. ನಡುನಡುವೆ ಮೂರು ಸಲ ಫೋನಿನಲ್ಲಿ ಮಾತಾಡಿದ. ಮೂರನೆಯ ಸಲಕ್ಕೆ ಇನ್‌ಸ್ಪೆಕ್ಟರ್ ಮೇಡಂ ಪೆನ್ನು ಕೆಳಗಿಟ್ಟರು.

“ಫೋನ್ ಆಮೇಲೆ. ಏನು ಹೋಯ್ತು, ಮೊದಲು ಅದನ್ನ ಹೇಳಿ.”

“ಡಿಸ್ಕ್. ಅಂಗೈಯಷ್ಟಿದೆ. ಕಂಪನಿಯ ಜೀವ ಅದರಲ್ಲೇ ಇದೆ.”

ಡಾಕ್ಟರುಗಳ ಕೈಬರಹದ ಔಷಧಿ ಚೀಟಿಯನ್ನು ಓದಿ ಅಚ್ಚುಕಟ್ಟಾಗಿ ಟೈಪು ಮಾಡಿಕೊಡುವ ಯಂತ್ರ ಆ ಕಂಪನಿಯದು. ಯಂತ್ರಕ್ಕೆ ಅಕ್ಷರ ಕಲಿಸಿದವರು ಮಾತ್ರ ಮನುಷ್ಯರೇ. ಹನ್ನೊಂದು ಮಂದಿ ನಾಲ್ಕು ವರ್ಷ ಕೂತು ಲಕ್ಷಗಟ್ಟಲೆ ಚೀಟಿ ಓದಿ, ಇದು ಇಂಥ ಮಾತ್ರೆ, ಇಷ್ಟು ಪ್ರಮಾಣ ಎಂದು ಉತ್ತರ ಬರೆದಿದ್ದರು. ಆ ಉತ್ತರಗಳೆಲ್ಲ ಡಿಸ್ಕಿನಲ್ಲಿದ್ದವು. ರೋಗಿಗಳ ವಿವರ ಇದ್ದದ್ದರಿಂದ ಅವನ್ನು ಇಂಟರ್‌ನೆಟ್ಟಿಗೆ ಹಾಕುವಂತಿರಲಿಲ್ಲ. ಇದ್ದ ಒಂದು ನಕಲು ಆರು ತಿಂಗಳು ಹಳೆಯದು.

“ಶುಕ್ರವಾರ ದೊಡ್ಡ ಕಂಪನಿಯೊಂದು ನಮ್ಮನ್ನ ಕೊಂಡುಕೊಳ್ತಿದೆ. ಡಿಸ್ಕ್ ಕೊಡದಿದ್ರೆ ಮಾರಾಟ ಇಲ್ಲ. ಮಾರಾಟ ಇಲ್ಲಾಂದ್ರೆ ಮುಂದಿನ ತಿಂಗಳು ಕಂಪನಿಯೇ ಇರಲ್ಲ.”

“ಯಾರ ಮೇಲೆ ಅನುಮಾನ?”

“ಓದೋರ ಮೇಲೆ. ಮಾರಾಟ ಆದ್ಮೇಲೆ ಅವರಿಗೆ ಕೆಲಸ ಇರಲ್ಲ. ಮೆಷೀನು ಕಲಿತಾಯ್ತಲ್ಲ.”

11.50ಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದದ್ದು ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತು ವರ್ಷದ ಕೇಸುಗಳು ತಲೆಯಲ್ಲೇ ಇದ್ದುದರಿಂದ ಠಾಣೆಯಲ್ಲಿ ಎಲ್ಲರೂ ಅವನನ್ನು ದಫ್ತರಣ್ಣ ಎನ್ನುತ್ತಿದ್ದರು.

12.30ಕ್ಕೆ ಸ್ಥಳ ಪರಿಶೀಲನೆ. ಮೂರನೇ ಮಹಡಿ, ಗಾಜಿನ ಬಾಗಿಲು, ಗೋಡೆಗೆ ಹಳದಿ ಬಣ್ಣ. ಡಿಸ್ಕ್ ಇಟ್ಟಿದ್ದ ಕಪಾಟಿನ ಬೀಗದ ಕೈ ಪಕ್ಕದ ಮೊಳೆಗೇ ತೂಗುಹಾಕಿತ್ತು. ಕ್ಯಾಮೆರಾ ಒಂದಿತ್ತು, ಅದು ಬಿಸ್ಕೆಟ್ ಡಬ್ಬಿಯ ಕಡೆ ತಿರುಗಿತ್ತು.

“ಇದೇನಿದು?”

“ಬಿಸ್ಕೆಟ್ ಕಳುವಾಗ್ತಿತ್ತು ಮೇಡಂ.”

“ಕಳ್ಳ ಸಿಕ್ಕಿದ್ನಾ?”

ಯಜಮಾನ ಕತ್ತು ಕೆರೆದುಕೊಂಡ. “ನಾನೇ. ಟೆನ್ಷನ್ ಆದಾಗ ಗೊತ್ತಿಲ್ದೆ ತಿಂತೀನಂತೆ.”

ದಫ್ತರಣ್ಣ ನಗು ನುಂಗಿಕೊಂಡು ಪಂಚನಾಮೆ ಬರೆಯಲು ಕೂತ. ಎರಡು ಮಹಡಿ ಕೆಳಗಿನ ಟೈಲರ್ ಮತ್ತು ಲಿಫ್ಟ್ ರಿಪೇರಿಯವನು ಪಂಚರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವುದು ದಫ್ತರಣ್ಣನ ಹುಟ್ಟುಗುಣ. ಕಪಾಟಿನ ಕೆಳಗಿನ ಅರೆಯಲ್ಲಿ ನಂಬರು ಹಾಕಿದ ಹಾಳೆಪುಸ್ತಕಗಳಿದ್ದವು. ಹದಿಮೂರರವರೆಗೆ ಬರೆದು ತುಂಬಿದ್ದವು, ಅದಾದ ಮೇಲೆ ಖಾಲಿ ಹದಿನೈದು. ನಡುವಿನದು ಇರಲಿಲ್ಲ.

ಮೇಡಂ ಓದುವ ಕೋಣೆಗೆ ಹೋಗಿ ಹದಿಮೂರನೇ ಪುಸ್ತಕವನ್ನು ಮೊದಲ ಮೇಜಿನ ಹೆಂಗಸಿಗೆ ತೋರಿಸಿದರು.

“ಇದೇನಮ್ಮ?”

“ಎರಡನೇ ಓದಿನ ಪುಸ್ತಕ. ಒಂದು ಚೀಟೀನ ಇಬ್ಬರು ಓದ್ಬೇಕು ಮೇಡಂ. ಒಬ್ರ ಉತ್ತರ ಇನ್ನೊಬ್ರು ನೋಡಬಾರದು. ಎರಡೂ ಒಂದೇ ಆದ್ರೆ ಮಾತ್ರ ಒಳಗೆ ಹೋಗುತ್ತೆ. ಅನುಮಾನದ ಚೀಟಿ ಆದ್ರೆ ಎರಡನೆಯವರು ಇದರಲ್ಲಿ ಬರೆದು ಸಹಿ ಹಾಕ್ಬೇಕು.”

“ಒಬ್ಬರೇ ಓದಿ ಹಾಕಿಬಿಟ್ರೆ?”

“ಅಯ್ಯೋ, ಕೈಯೇ ಬರಲ್ಲ. ಮನೇಲಿ ಕರೆಂಟ್ ಬಿಲ್ಲನ್ನೂ ನಮ್ಮೆಜಮಾನ್ರ ಹತ್ರ ಇನ್ನೊಂದ್ಸಲ ಓದಿಸ್ತೀನಿ. ನಂಗೆ ಹುಚ್ಚು ಅಂತಾರೆ.”

ಹನ್ನೊಂದು ಮಂದಿಯ ಹೇಳಿಕೆ ಪಡೆಯುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಎಲ್ಲರಿಗೂ ಕೆಲಸ ಹೋಗುವ ನೋಟಿಸ್ ಸಿಕ್ಕಿತ್ತು. ಡಿಸ್ಕ್ ಕಾಣೆಯಾದ ಹೊತ್ತಿನಲ್ಲಿ, ಹಿಂದಿನ ದಿನ ಸಂಜೆ ಐದರಿಂದ ಆರರವರೆಗೆ, ಎಲ್ಲರೂ ಅಲ್ಲೇ ಇದ್ದರು. ಕೊನೆಯ ಮೇಜಿನವರು ಅರವತ್ತೆರಡರ ಮುದುಕರು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಕೋಣೆಯವರಿಗೆಲ್ಲ ಅವರು ಕಾಂಪೌಂಡರ್ ಮಾವ.

“ಡಿಸ್ಕ್ ನೋಡಿದ್ದೀರಾ?”

“ನೋಡಿದ್ದೀನಿ.”

“ಯಾವಾಗ?”

“ದಿನಾ ನೋಡ್ತೀನಿ.”

ಸುತ್ತಲಿನವರು ನಕ್ಕರು. ಮೇಡಂ ಮುಂದಿನ ಮೇಜಿಗೆ ಹೋದರು.

ಠಾಣೆಗೆ ಮರಳುವಾಗ ಜೀಪಿನಲ್ಲಿ ದಫ್ತರಣ್ಣ ಗೊಣಗಿದ. “ಹೊಟ್ಟೆಕಿಚ್ಚಿಗೆ ಕದ್ದವರು ಇಷ್ಟೊತ್ತಿಗೆ ಎಲ್ಲಾದ್ರೂ ಮೋರಿಗೆ ಎಸೆದಿರ್ತಾರೆ ಬಿಡಿ ಮೇಡಂ.”

“ಎಸೆಯೋರಿಗೆ ಖಾಲಿ ಹಾಳೆಪುಸ್ತಕ ಯಾಕೆ ಬೇಕಿತ್ತು?”

ದಫ್ತರಣ್ಣ ತೊಡೆಯ ಮೇಲಿದ್ದ ಪಂಚನಾಮೆಯನ್ನು ಮತ್ತೆ ತೆರೆದ.

“ಕದ್ದವರು ಕೂತು ಓದ್ತಿದ್ದಾರೆ ಕಣಯ್ಯ. ಓದಿದ್ಮೇಲೆ ಎರಡನೆಯವರ ಸಹಿ ಬೇಕಲ್ಲ. ಕೋಣೆಯವರನ್ನ ಕೇಳೋ ಹಾಗಿಲ್ಲ, ಸಿಕ್ಕಿಬೀಳ್ತಾರೆ. ಹೊರಗೆ ಡಾಕ್ಟರ ಅಕ್ಷರ ಓದೋರು ಬೇರೆ ಯಾರಿದ್ದಾರೆ?”

“ಔಷಧಿ ಅಂಗಡಿಯವರು.”

ಬುಧವಾರ, ಹತ್ತನೇ ತಾರೀಖು, ನಾಲ್ವರು ಕಾನ್‌ಸ್ಟೇಬಲ್‌ಗಳು ಓದುಗರು ವಾಸವಿದ್ದ ಬೀದಿಗಳ ಔಷಧಿ ಅಂಗಡಿಗಳನ್ನು ಜಾಲಾಡಿದರು. ಇಪ್ಪತ್ತಮೂರನೇ ಅಂಗಡಿಯಲ್ಲಿ, ಮಧ್ಯಾಹ್ನ 3.15ಕ್ಕೆ, ಕೌಂಟರಿನ ಹೆಂಗಸು ಕೇಳಿದ್ದಕ್ಕೆಲ್ಲ ಸಲೀಸಾಗಿ ಉತ್ತರ ಕೊಟ್ಟಳು.

“ಹ್ಞೂಂ, ಬರ್ತಾರಲ್ಲ ಒಬ್ರು ಹಿರಿಯರು. ನಿನ್ನೆ ಬಂದಿದ್ರು, ಇವತ್ತೂ ಬಂದಿದ್ರು. ಬೆಳಿಗ್ಗೆ ಹತ್ತು ಗಂಟೆಗೆ. ರೋಗಿ ಹೆಸರು ಕತ್ತರಿಸಿ ಚೀಟಿ ಪ್ರಿಂಟ್ ತೆಗೆದಿರ್ತಾರೆ. ನಾನು ಓದಿ ಬರೆದು ಸಹಿ ಹಾಕ್ತೀನಿ. ತಮ್ಮ ಉತ್ತರ ಕೈಲಿ ಮುಚ್ಚಿಟ್ಕೋತಾರೆ, ಪರೀಕ್ಷೆ ಹಾಲಿನಲ್ಲಿ ಕೂತ ಹಾಗೆ!”

“ಯಾಕೆ ಅಂತ ಕೇಳ್ಲಿಲ್ವಾ?”

“ಕೇಳ್ದೆ. ತಪ್ಪು ತಿದ್ತಿದ್ದೀನಿ ತಾಯಿ ಅಂದ್ರು. ನಾಳೆಗೆ ಮುಗಿಯುತ್ತಂತೆ.”

ಗುರುವಾರ 10.08ಕ್ಕೆ ಕಾಂಪೌಂಡರ್ ಮಾವ ಕೈಚೀಲ ಹಿಡಿದು ಅಂಗಡಿಗೆ ಬಂದರು. ಎರಡು ಹೆಜ್ಜೆ ಹಿಂದೆ ಸಾದಾ ಉಡುಪಿನಲ್ಲಿದ್ದ ಮೇಡಂ ಹತ್ತಿರ ಹೋಗಿ ತಮ್ಮ ಗುರುತು ಹೇಳಿದರು. ಮುದುಕರು ಬೆಚ್ಚಲಿಲ್ಲ.

“ಐದು ಹಾಳೆ ಉಳಿದಿದೆ. ಇವರು ಸಹಿ ಹಾಕಲಿ, ಆಮೇಲೆ ಬರ್ತೀನಿ. ಆಗುತ್ತಾ?”

ದಫ್ತರಣ್ಣ ಮುಖ ಗಂಟಿಕ್ಕಿದ. ಮೇಡಂ ಗಡಿಯಾರ ನೋಡಿ ಪಕ್ಕದ ಬೆಂಚಿನ ಮೇಲೆ ಕೂತರು. ಓಡುವ ಆಸಾಮಿ ಅಲ್ಲ ಎಂದು ಮನವರಿಕೆಯಾಗಿತ್ತು. ರಕ್ತ, ಹೊಡೆದಾಟ, ಬಾಯಿಬಡಿತ ಯಾವುದೂ ಇಲ್ಲದ ಕೇಸು ಸಿಕ್ಕಿ ಎಷ್ಟು ತಿಂಗಳಾಗಿತ್ತೋ. ಬೆಳಗಿನ ಬಿಸಿಲು ಹಿತವಾಗಿತ್ತು. ಔಷಧಿಯ ಹೆಂಗಸು ಒಂದೊಂದೇ ಚೀಟಿ ಬೆಳಕಿಗೆ ಹಿಡಿದು ಓದುವುದನ್ನು ಅವರು ಆರಾಮಾಗಿ ನೋಡುತ್ತ ಕುಳಿತರು. 10.40ಕ್ಕೆ ಬಂಧನವಾಯಿತು.

“ಡಿಸ್ಕ್ ಎಲ್ಲಿ ಬಚ್ಚಿಟ್ಟಿದ್ದೀರಿ?”

“ಮನೇಲಿ, ಮೇಜಿನ ಮೇಲೆ. ಬಚ್ಚಿಟ್ರೆ ಕೆಲಸ ಮಾಡೋದು ಹೇಗೆ?”

ಅಲ್ಲೇ ಸಿಕ್ಕಿತು. ಮಹಜರು ಬರೆದು ವಶಕ್ಕೆ ಪಡೆದರು. ಠಾಣೆಯಲ್ಲಿ ಮುದುಕರು ಒಂದು ಚೀಟಿಯ ಪ್ರತಿಯನ್ನು ಮೇಡಂ ಮುಂದೆ ಸರಿಸಿದರು.

“ಪ್ರಮಾಣ ಎಷ್ಟು, ಓದಿ.”

“ಐದು.”

“ಸರಿಯಾಗಿ ನೋಡಿ. ಐದಕ್ಕೆ ಮೊದಲು, ಗೆರೆ ಮೇಲೆ ಒಂದು ಚುಕ್ಕೆ ಕೂತಿದೆ.”

ಮೇಡಂ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. ಅದು ಐದಲ್ಲ, ಅರ್ಧ. ಹೃದಯದ ಮಾತ್ರೆ. ಮನೆಯಲ್ಲಿ ತಾಯಿ ದಿನಾ ಬ್ಲೇಡಿನಿಂದ ಎರಡು ಹೋಳು ಮಾಡಿಕೊಳ್ಳುವ ಬಿಳಿ ಮಾತ್ರೆ ಅವರಿಗೆ ನೆನಪಾಯಿತು.

“ಇಂಥವು ನಾನೂರ ಹನ್ನೆರಡು. ಮೆಷೀನು ಎಲ್ಲಾನೂ ಐದು ಅಂತಾನೇ ಓದುತ್ತೆ. ಇಷ್ಟು ದಿನ ನಾವು ಹಿಂದೆ ಕೂತು ಹಿಡೀತಿದ್ವಿ. ಸೋಮವಾರದಿಂದ ಹಿಂದೆ ಯಾರೂ ಇರಲ್ಲ.”

“ಯಜಮಾನರಿಗೆ ಹೇಳ್ಬೇಕಿತ್ತು.”

“ಮೂರು ಸಲ ಹೇಳಿದೆ.”

ಸುದ್ದಿ ಕೇಳಿ ಬಂದು ಗೋಡೆಗೆ ಒರಗಿ ನಿಂತಿದ್ದ ಯಜಮಾನನತ್ತ ಮೇಡಂ ನೋಡಿದರು. ಅವನ ಕೈಯಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ಎತ್ತಲಿಲ್ಲ.

“ಹೇಳಿದ್ರು. ಮಾರಾಟ ಆಗ್ಲಿ, ಆಮೇಲೆ ನೋಡೋಣ ಅಂದಿದ್ದೆ.”

“ನೀವು ಬಿಟ್ಟುಬಿಡಬಹುದಿತ್ತು. ಕೆಲಸ ಹೇಗೂ ಹೋಗೋದೇ,” ಎಂದರು ಮೇಡಂ ಮುದುಕರಿಗೆ.

ಮುದುಕರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು.

“ಮೊದಲ ವರ್ಷ ಒಂದಿನ ಕಣ್ಣು ಸೋತಿತ್ತು. ಪಕ್ಕದ ಮೇಜಿನ ಹುಡುಗಿ ಐದು ಅಂತ ಬರೆದಿದ್ದನ್ನ ನೋಡ್ಕೊಂಡು, ಚೀಟಿ ಓದದೆ ಸಹಿ ಹಾಕಿದೆ. ಒಂದು ಕಟ್ಟು ಪೂರ್ತಿ. ಅದೆಲ್ಲ ಒಬ್ಬರೇ ಡಾಕ್ಟರ ಚೀಟಿ. ಮೆಷೀನು ಅದನ್ನ ನನ್ನಿಂದ ಕಲೀತು ಮೇಡಂ. ಗೊತ್ತಾಗಿದ್ದು ಹೋದ ತಿಂಗಳು.”

ಇಷ್ಟನ್ನೂ ದಫ್ತರಣ್ಣ ಹೇಳಿಕೆಯಲ್ಲಿ ಬರೆದ. ಓದಿ ಹೇಳಿದಾಗ ಮುದುಕರು ಒಂದು ಕಡೆ ತಿದ್ದಿಸಿದರು, ಸಹಿ ಹಾಕಿದರು. ಆಮೇಲೆ ಕುರ್ಚಿಗೆ ಒರಗಿದರು. ಬಂಧಿತರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಮೇಡಂ ಕಂಡಿರಲಿಲ್ಲ.

ಸಂಜೆ ಜಾಮೀನು ಸಿಕ್ಕಿತು. ಯಜಮಾನ ಕೊಳ್ಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ಮಾರಾಟವನ್ನು ಸೋಮವಾರಕ್ಕೆ ಮುಂದೂಡಿದರು. ನ್ಯಾಯಾಲಯದ ಅನುಮತಿಯಿಂದ ಶುಕ್ರವಾರ ಡಿಸ್ಕ್ ಬಿಡುಗಡೆಯಾಯಿತು. ಕೊನೆಯ ಐದು ಹಾಳೆಯ ಉತ್ತರಗಳನ್ನು ಓದುವ ಕೋಣೆಯವರು ಹರಟೆ ಹೊಡೆಯುತ್ತ ಒಳಗೆ ಸೇರಿಸಿದರು. ಕೊಳ್ಳುವ ಕಂಪನಿಯ ಎಂಜಿನಿಯರ್ ಶನಿವಾರ ಯಂತ್ರಕ್ಕೆ ಮತ್ತೆ ಕಲಿಸಿ ಪರೀಕ್ಷಿಸಿದಳು. ನಾನೂರ ಹನ್ನೆರಡನ್ನೂ ಅದು ಅರ್ಧ ಎಂದೇ ಓದಿತು.

ಸೋಮವಾರ ಹದಿನೈದನೇ ತಾರೀಖು ಕಂಪನಿ ಮಾರಾಟವಾಯಿತು. ಮೇಡಂ ಆರೋಪಪಟ್ಟಿ ಸಿದ್ಧಪಡಿಸಿದರು. ಪ್ರಾಣ ಹೋದದ್ದು ಯಾರದೂ ಇಲ್ಲ. ಕೆಲಸ ಹೋದದ್ದು ಹನ್ನೊಂದು ಮಂದಿಯದು.